ಬಾರ್ನಾರ್ಡನ ಎರಡು ಕಣ್ಣುಗಳು

ದೂರದರ್ಶಕವನ್ನು ಕೊಳ್ಳಬಯಸುವವನು ಮೊತ್ತಮೊದಲು ಕೇಳುವ ಪ್ರಶ್ನೆ, ಇದು ವಸ್ತುವನ್ನು ಎಷ್ಟು ಪಟ್ಟು ಹಿರಿದಾಗಿ ತೋರಿಸುವುದೆಂಬುದು. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು: ಅದರ ಹಿಂದೆ ಕುಳಿತು ನೋಡತಕ್ಕದ್ದು ಮನುಷ್ಯನ ಕಣ್ಣೋ, ಛಾಯಾಗ್ರಹಣದ ಫಲಕವೋ? ಈ ಎರಡಕ್ಕೂ ಒಂದೇ ಮಸೂರವು ಸಾಲದೆಂಬುದನ್ನು ತನ್ನ ಬಾಳಿನಲ್ಲಿಯೇ ಕಂಡುಕೊಂಡವನು ಅಮೆರಿಕದ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್.

ಅವನು 1857ರಲ್ಲಿ ಟೆನೆಸೀ ಸೀಮೆಯ ನ್ಯಾಶ್‌ವಿಲ್ ಪಟ್ಟಣದಲ್ಲಿ ಕಡುಬಡವರ ಮನೆಯಲ್ಲಿ ಹುಟ್ಟಿದನು. ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದನು. ಶಾಲೆಯ ಭಾಗ್ಯವು ಎರಡು ತಿಂಗಳಿಗೆ ಮುಗಿಯಿತು. ಒಂಬತ್ತು ವರ್ಷದ ಹುಡುಗನನ್ನು ತಾಯಿಯು ಊರಿನ ಛಾಯಾಚಿತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿಸಿದಳು. ಚಿತ್ರಗಳನ್ನು ಹಿರಿದು ಮಾಡಲು ಬಿಸಿಲನ್ನೇ ಬಳಸುತ್ತಿದ್ದ ಕಾಲವದು. ಶಾಲೆಯ ಮಾಳಿಗೆಯ ಮೇಲೆ ‘ಜ್ಯೂಪಿಟರ್’ ಎಂಬ ದೊಡ್ಡದೊಂದು ಯಂತ್ರವಿದ್ದಿತು. ಸೂರ್ಯನು ಸರಿದಂತೆಲ್ಲ ಅದನ್ನು ಕೈಯಿಂದ ತಿರುಗಿಸುತ್ತ, ಬೆಳಕು ತಪ್ಪದಂತೆ ಕಾಯುವುದೇ ಹುಡುಗನ ಚಾಕರಿ. ಇತರ ಹುಡುಗರು ಬೇಸತ್ತು ನಿದ್ದೆಹೋದ ಆ ಕೆಲಸದಲ್ಲಿ ಇವನು ನಿಂತನು. ಮುಂದೆ ಅವನು ಮಾಡಿದುದೆಲ್ಲವೂ ಒಂದು ಬಗೆಯಲ್ಲಿ ಇದೇ ಚಾಕರಿಯೇ ಎನ್ನಬಹುದು.

1877ರ ವೇಳೆಗೆ ಅವನು 380 ಡಾಲರುಗಳನ್ನು ತೆತ್ತು ನ್ಯೂಯಾರ್ಕಿನ ಜಾನ್ ಬರ್ನನಿಂದ ಐದಂಗುಲದ ದೂರದರ್ಶಕವೊಂದನ್ನು ಕೊಂಡನು. ಅವನ ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು ಅದಕ್ಕೆ ಹೋಯಿತು. ಹಗಲೆಲ್ಲ ದುಡಿದು ತಾಯಿಯನ್ನು ಸಾಕುತ್ತಿದ್ದವನು ರಾತ್ರಿಯೆಲ್ಲ ಆಕಾಶವನ್ನು ಶೋಧಿಸಿದನು. ಹೊಸ ಧೂಮಕೇತುವೊಂದನ್ನು ಕಂಡವರಿಗೆ ವಾರ್ನರ್ ಎಂಬ ಧನಿಕನು 200 ಡಾಲರುಗಳ ಬಹುಮಾನವನ್ನು ಸಾರಿದ್ದನು. 1881ರಿಂದ ಮುಂದೆ ಬಾರ್ನಾರ್ಡನು ಒಂದಾದ ಮೇಲೊಂದು ಧೂಮಕೇತುವನ್ನು ಕಂಡುಹಿಡಿದು, ಆ ಹಣದಿಂದಲೇ ಹೊಸದಾಗಿ ಮದುವೆಯಾದ ಹೆಂಡತಿಗೊಂದು ಮನೆಯನ್ನು ಕಟ್ಟಿಸಿದನು. ಬಾಲವುಳ್ಳ ಚುಕ್ಕೆಯನ್ನು ಕೇಡಿನ ಸೂಚನೆಯೆಂದು ನಂಬುವವರು ಲೋಕದಲ್ಲೆಲ್ಲ ಇರುವಾಗ, ಇವನೊಬ್ಬನಿಗೆ ಅವು ಮನೆಯ ಇಟ್ಟಿಗೆಗಳಾದವು.

ಸಣ್ಣ ಯಂತ್ರಕ್ಕೆ ದೊಡ್ಡದರಲ್ಲಿಲ್ಲದ ಗುಣವೊಂದಿದೆ. ಕಡಮೆ ಹಿಗ್ಗಿಸಿ ಆಕಾಶದ ಅಗಲವಾದ ತುಂಡನ್ನು ಒಮ್ಮೆಗೇ ತೋರಿಸುವುದರಿಂದ, ಹರಡಿಕೊಂಡ ಮಸುಕಾದ ವಸ್ತುವು ಸುತ್ತಣ ಕತ್ತಲೆಯಿಂದ ಬೇರೆಯಾಗಿ ಕಾಣುತ್ತದೆ. 1884ರಲ್ಲಿ ಧನುರಾಶಿಯ ಕಡೆ ಬಾರ್ನಾರ್ಡನಿಗೆ ಹೀಗೊಂದು ಮಸುಕು ಗೋಚರಿಸಿತು. 1925ರಲ್ಲಿ ಹಬಲ್ಲನು ನೂರಂಗುಲದ ದರ್ಪಣದ ನೆರವಿನಿಂದ ಅದೇ ಮಸುಕು ನಮ್ಮ ಆಕಾಶಗಂಗೆಯ ಹೊರಗಿನ ಮತ್ತೊಂದು ತಾರಾಲೋಕವೆಂದು ಸಾಧಿಸಿದನು.

ಆದರೆ ಕಣ್ಣಿಗೆ ಬೆಳಕನ್ನು ಕೂಡಿಡಲು ಬಾರದು. ಫಲಕವು ತಾಸುಗಟ್ಟಲೆ ಕೂಡಿಡಬಲ್ಲುದು. ಹಾಗಾದರೆ ಕಣ್ಣಿನ ಬದಲು ಫಲಕವನ್ನಿಟ್ಟರೆ ಆಯಿತಲ್ಲ ಎಂದು ವಾಚಕರು ಕೇಳಬಹುದು. ತೊಡಕು ಬಣ್ಣಗಳಲ್ಲಿದೆ. ಒಂಟಿ ಮಸೂರವು ಬೇರೆ ಬೇರೆ ಬಣ್ಣದ ಕಿರಣಗಳನ್ನು ಬೇರೆ ಬೇರೆ ದೂರದಲ್ಲಿ ಕೂಡಿಸುತ್ತದೆ. 1758ರಲ್ಲಿ ಲಂಡನ್ನಿನ ಜಾನ್ ಡಾಲಂಡನು ಕ್ರೌನ್, ಫ್ಲಿಂಟ್ ಎಂಬ ಎರಡು ಜಾತಿಯ ಗಾಜುಗಳನ್ನು ಜೋಡಿಸಿ ಈ ದೋಷವನ್ನು ಬಹುಮಟ್ಟಿಗೆ ಕಳೆದನು, ಪೂರ್ತಿಯಾಗಿ ಕಳೆಯಲಿಲ್ಲ. ಕಣ್ಣಿಗೆ ಪ್ರಿಯವಾದ ಹಳದಿ ಹಸುರುಗಳು ಒಂದೆಡೆ ಕೂಡಿದರೆ, ನೀಲಿ ನೇರಿಳೆಗಳು ಚದರಿಯೇ ಉಳಿದವು. ಆ ಕಾಲದ ಫಲಕಗಳು ಮುಖ್ಯವಾಗಿ ಗ್ರಹಿಸುತ್ತಿದ್ದುದು ಈ ನೀಲಿ ನೇರಿಳೆಗಳನ್ನೇ. ಕಣ್ಣಿಗೆ ಸೂಜಿಮೊನೆಯಂತೆ ಕಂಡ ನಕ್ಷತ್ರವು ಫಲಕದಲ್ಲಿ ಹತ್ತಿಯ ಉಂಡೆಯಾಗುತ್ತಿದ್ದಿತು. 1864ರಲ್ಲಿ ನ್ಯೂಯಾರ್ಕಿನ ರದರ್‌ಫರ್ಡನು ಫಲಕಕ್ಕಾಗಿಯೇ ತಿದ್ದಿದ ಮಸೂರವನ್ನು ಮಾಡಿಸಿದನು. ಅದು ಕಣ್ಣಿನ ನೋಟಕ್ಕೆ ಕೆಲಸಕ್ಕೆ ಬಾರದ್ದಾಯಿತು. ಎರಡಕ್ಕೂ ಸಲ್ಲುವ ಮೂರು ಗಾಜಿನ ಮಸೂರವನ್ನು ಇಂಗ್ಲೆಂಡಿನ ಡೆನಿಸ್ ಟೇಲರನು ರಚಿಸಿದುದು 1890ರ ದಶಕದಲ್ಲಿ. ಇಂದು ವಿಶೇಷ ಜಾತಿಯ ಗಾಜಿನಿಂದ ಮಾಡಿದ ಮೂರು ನಾಲ್ಕಂಗುಲದ ದೂರದರ್ಶಕಗಳು ಕಣ್ಣಿಗೂ ವಿದ್ಯುತ್ ಸಂವೇದಕಕ್ಕೂ ಒಂದೇ ಸಮನೆ ಸೇವೆ ಸಲ್ಲಿಸುತ್ತವೆ.

1888ರಲ್ಲಿ ಬಾರ್ನಾರ್ಡನು ಕ್ಯಾಲಿಫೋರ್ನಿಯದ ಲಿಕ್ ವೇಧಶಾಲೆಯನ್ನು ಸೇರಿದನು. ಅಲ್ಲಿಯ 36 ಅಂಗುಲದ ಮಹಾಯಂತ್ರವು ಆಗ ಲೋಕದ ಮಸೂರದ ದೂರದರ್ಶಕಗಳಲ್ಲಿಯೇ ಹಿರಿದು. ಅದರ ಬಳಿಗೆ ಹೋಗುವ ಅಧಿಕಾರವು ಅವನಿಗೆ ದೊರೆತುದು 1892ರಲ್ಲಿ. ಅದರಿಂದಲೇ ಅದೇ ವರ್ಷದ ಸೆಪ್ಟೆಂಬರ್ 9ರಂದು ಗುರುಗ್ರಹದ ಐದನೆಯ ಚಂದ್ರನನ್ನು ಕಣ್ಣಿನಿಂದಲೇ ಕಂಡನು. ಆದರೆ ಅಷ್ಟರೊಳಗೆ ಅವನ ಮನಸ್ಸು ಬೇರೊಂದು ಕಡೆ ನೆಟ್ಟಿದ್ದಿತು. ಸಾನ್ ಫ್ರಾನ್ಸಿಸ್ಕೋ ನಗರದ ಛಾಯಾಚಿತ್ರಕಾರನೊಬ್ಬನು ಜನರ ಮುಖಚಿತ್ರಗಳಿಗೆ ಬಳಸಿ ಬಿಟ್ಟಿದ್ದ, ‘ವಿಲರ್ಡ್’ ಹೆಸರಿನ ಆರಂಗುಲದ ಹಳೆಯ ಮಸೂರವು ವೇಧಶಾಲೆಗೆ ಬಂದಿದ್ದಿತು. ಅದರ ನಾಭಿದೂರ ಕೇವಲ 31 ಅಂಗುಲ. ಮಹಾಯಂತ್ರದ ನಾಭಿದೂರ ಸುಮಾರು 57 ಅಡಿ. ಹರಡಿದ ಮಸುಕು ಫಲಕದ ಮೇಲೆ ಎಷ್ಟು ಬೆಳಗುವುದೆಂಬುದು ಅಗಲಕ್ಕೂ ನಾಭಿದೂರಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ. ಆ ಲೆಕ್ಕದಲ್ಲಿ ಮುಖಚಿತ್ರದ ಹಳೆಯ ಗಾಜು ಮಹಾಯಂತ್ರಕ್ಕಿಂತ 13 ಪಟ್ಟಿಗೂ ಮೇಲು!

1889ರ ಬೇಸಗೆಯಲ್ಲಿ ಬಾರ್ನಾರ್ಡನು ಅದನ್ನು ಧನುರಾಶಿಯ ಆಕಾಶಗಂಗೆಯತ್ತ ತಿರುಗಿಸಿ, ಮೂರು ಗಂಟೆಗಳಿಗೂ ಮೀರಿ ಫಲಕವನ್ನು ತೆರೆದಿಟ್ಟನು. ಅಷ್ಟು ಹೊತ್ತೂ ಪಕ್ಕದ ಸಣ್ಣ ದೂರದರ್ಶಕಕ್ಕೆ ಕಣ್ಣಿಟ್ಟು, ಗುರುತಿನ ನಕ್ಷತ್ರವು ತಂತಿಯ ಮೇಲಿಂದ ಜಾರದಂತೆ ಯಂತ್ರವನ್ನು ಕೈಯಿಂದ ನಡೆಸಬೇಕು. ನ್ಯಾಶ್‌ವಿಲ್ಲಿನ ಮಾಳಿಗೆಯ ಹುಡುಗನಿಗೆ ಇದು ಹೊಸತಾಗಿರಲಿಲ್ಲ. ಫಲಕದಲ್ಲಿ ನಕ್ಷತ್ರಗಳು ಮೋಡ ಮೋಡವಾಗಿ ಮೂಡಿದವು. ನಡುನಡುವೆ ಕರಿಯ ಓಣಿಗಳು, ಹೊಂಡಗಳು. 1892ರ ಅಕ್ಟೋಬರ್ 12ರಂದು ಇದೇ ಮಸೂರದ ಫಲಕದಲ್ಲಿ ಧೂಮಕೇತುವೊಂದರ ಗೆರೆ ಸಿಕ್ಕಿತು. ಛಾಯಾಗ್ರಹಣದಿಂದ ಕಂಡುಹಿಡಿದ ಮೊದಲ ಧೂಮಕೇತು ಅದೇ. ಆಮೇಲೆ ಕಳೆದುಹೋದ ಅದು ಮತ್ತೆ ದೊರೆತುದು 2008ರಲ್ಲಿ.

ಆ ಕರಿಯ ತಾಣಗಳೇನು? ನಕ್ಷತ್ರಗಳಿಲ್ಲದ ಬರಿಯ ಬಯಲೇ, ಅಥವಾ ಹಿಂದಿನ ಬೆಳಕನ್ನು ಮರೆಮಾಡುವ ಪದಾರ್ಥವೇ? ಬಹುಕಾಲ ಬಾರ್ನಾರ್ಡನು ಅವನ್ನು ತೂತುಗಳೆಂದೇ ನಂಬಿದ್ದನು. ಕ್ಯಾಥರೀನ್ ಬ್ರೂಸ್ ಎಂಬಾಕೆ 7,000 ಡಾಲರುಗಳನ್ನು ದಾನವಿತ್ತ ಮೇಲೆ, ಯರ್ಕೀಸ್ ವೇಧಶಾಲೆಯಲ್ಲಿ ಅವನಿಗೆ ಹತ್ತಂಗುಲದ ಹೊಸ ಛಾಯಾಯಂತ್ರವು ಸಿದ್ಧವಾಯಿತು. ಅದರ ಮಗ್ಗುಲಿಗೆ ದಾರಿ ಕಾಯಲು ಕಟ್ಟಿದ್ದುದು ಐದಂಗುಲದ ನೋಟದ ದೂರದರ್ಶಕ: ಫಲಕಕ್ಕೆ ಒಂದು, ಕಣ್ಣಿಗೆ ಒಂದು. 1905ರಲ್ಲಿ ಅದನ್ನು ಮೌಂಟ್ ವಿಲ್ಸನ್ನಿಗೆ ಸಾಗಿಸಿ ಸುಮಾರು 500 ಫಲಕಗಳನ್ನು ತೆಗೆದನು.

ಸಂದೇಹವು ಹರಿಯತೊಡಗಿದುದು ಫಲಕದಿಂದಲ್ಲ ಎಂಬುದು ಸ್ವಾರಸ್ಯ. 1913ರ ಬೇಸಗೆಯ ಒಂದು ನಿರ್ಮಲ ರಾತ್ರಿ, ಬ್ರೂಸ್ ಯಂತ್ರದ ಬಳಿ ಕುಳಿತಿದ್ದಾಗ, ಭೂಮಿಯದೇ ಕೆಲವು ಪುಟ್ಟ ಮೋಡಗಳು ಧನುರಾಶಿಯ ಬೆಳಗಿನ ಎದುರಿಗೆ ತೇಲಿಬಂದವು. ಅವು ಮಸಿಯ ತೊಟ್ಟುಗಳಂತೆ, ಅವನ ಫಲಕಗಳ ‘ತೂತು’ಗಳಂತೆಯೇ ಕಪ್ಪಾಗಿ ಕಂಡವು. ಮರೆಮಾಡುವ ಪದಾರ್ಥವೂ ಹೀಗೆಯೇ ಕಾಣಬಹುದೆಂಬುದು ಬರಿಗಣ್ಣಿಗೆ ಆ ಗಳಿಗೆಯಲ್ಲಿ ಹೊಳೆಯಿತು. 1919ರಲ್ಲಿ ಅವನು ಇಂತಹ 182 ತಾಣಗಳ ಪಟ್ಟಿಯನ್ನು ಪ್ರಕಟಿಸಿದನು. ನಕ್ಷತ್ರಗಳ ನಡುವಣ ಧೂಳು ಬೆಳಕನ್ನು ಕುಂದಿಸುವುದೆಂದು ಟ್ರಂಪ್ಲರನು 1930ರಲ್ಲಿ ಸ್ಥಾಪಿಸುವ ಹೊತ್ತಿಗೆ ಬಾರ್ನಾರ್ಡನು ಇರಲಿಲ್ಲ, 1923ರಲ್ಲಿಯೇ ತೀರಿಕೊಂಡಿದ್ದನು. ಅವನ ಆಕಾಶಗಂಗೆಯ ಚಿತ್ರಸಂಪುಟವನ್ನು ಸೋದರಸಂಬಂಧದ ಮೇರಿ ಕ್ಯಾಲ್ವರ್ಟಳೂ ಎಡ್ವಿನ್ ಫ್ರಾಸ್ಟನೂ 1927ರಲ್ಲಿ ಪೂರ್ತಿಗೊಳಿಸಿ ಹೊರತಂದರು.

ಪಟ್ಟಿಯಲ್ಲಿ 86ನೆಯ ಸಂಖ್ಯೆಯದು ಧನುರಾಶಿಯ ದಟ್ಟ ನಕ್ಷತ್ರಗಳ ನಡುವಣ ಪುಟ್ಟ ಕರಿಯ ಮಚ್ಚೆ. ಅದನ್ನು ಅವನು ಛಾಯಾಚಿತ್ರಗಳಿಗೆಲ್ಲ ಮೊದಲೇ, ನ್ಯಾಶ್‌ವಿಲ್ಲಿನ ದಿನಗಳಲ್ಲಿ, ತನ್ನ ಐದಂಗುಲದ ದೂರದರ್ಶಕದಿಂದ ಕಂಡಿದ್ದನು.