ರಾತ್ರಿಯೂಟ ಮತ್ತು ನಸುಕಿನ ಸಕ್ಕರೆ ಕುಸಿತ: ಮುಜಫ್ಫರ್‌ಪುರ ಪ್ರಕರಣದ ಕುರಿತು ಒಂದು ಟಿಪ್ಪಣಿ

ಬಿಹಾರದ ಮುಜಫ್ಫರ್‌ಪುರದಲ್ಲಿ 1995ರಿಂದೀಚೆಗೆ ಲಿಚಿ ಕೊಯ್ಲಿನ ಕಾಲಕ್ಕೆ ಸರಿಯಾಗಿ ಮಕ್ಕಳ ಕಾಯಿಲೆಯೊಂದು ಕಾಣಿಸಿಕೊಳ್ಳುತ್ತ ಬಂದಿದೆ. ಅಲ್ಲಿನವರು ಅದನ್ನು ‘ಚಮ್ಕಿ ಬುಖಾರ್’ ಎನ್ನುತ್ತಾರೆ. ಮೇ ನಡುವಿನಲ್ಲಿ ಶುರುವಾಗಿ ಮಳೆ ಹಿಡಿಯುತ್ತಿದ್ದಂತೆ ಇಳಿಯುತ್ತದೆ. ಸಂಜೆಯವರೆಗೆ ಆಡಿಕೊಂಡಿದ್ದ ಮಗುವಿಗೆ ಬೆಳಗಿನ ಜಾವ ಸೆಳೆತ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಬಹುಕಾಲ ಇದನ್ನು ಮಿದುಳಿನ ಉರಿಯೂತವೆಂದೇ ಎಣಿಸಿ ವೈರಾಣುವಿಗಾಗಿ ಹುಡುಕಿದರು. ಬಿಸಿಲಿನ ಆಘಾತ ಎಂದವರೂ ಇದ್ದರು. ಆದರೆ ಹಲವು ಮಕ್ಕಳಿಗೆ ಆಸ್ಪತ್ರೆಗೆ ಬಂದಾಗ ಜ್ವರವೇ ಇರುತ್ತಿರಲಿಲ್ಲ.

ಭಾರತದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೇರಿ ನಡೆಸಿದ 2014ರ ತನಿಖೆ ಈ ಚಿತ್ರವನ್ನು ಬದಲಿಸಿತು. ಅದರ ವರದಿ 2017ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. 2014ರ ಮೇ 26ರಿಂದ ಜುಲೈ 17ರವರೆಗೆ ಎರಡು ಆಸ್ಪತ್ರೆಗಳಿಗೆ ದಾಖಲಾದವರು 390 ಮಂದಿ, ತೀರಿಕೊಂಡವರು 122. ರಕ್ತದ ಗ್ಲೂಕೋಸ್ ಅಳೆದ 327 ಜನರಲ್ಲಿ 204 ಮಂದಿಗೆ ಅದು ಡೆಸಿಲೀಟರಿಗೆ 70 ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗಿತ್ತು. ಸೋಂಕಿನ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ, ಕೀಟನಾಶಕದ ಪರೀಕ್ಷೆಗಳಲ್ಲೂ ಸಿಗಲಿಲ್ಲ. ಆದರೆ ಕಾಯಿಲೆ ಬಿದ್ದವರ 73 ಮೂತ್ರದ ಮಾದರಿಗಳ ಪೈಕಿ 48ರಲ್ಲಿ ಲಿಚಿಯ ಎರಡು ವಿಷಗಳಾದ ಹೈಪೊಗ್ಲೈಸಿನ್ ಮತ್ತು ಎಂಸಿಪಿಜಿಗಳಲ್ಲಿ ಒಂದರ ಅಥವಾ ಎರಡರ ಕುರುಹು ದೊರೆಯಿತು. ಹೋಲಿಕೆಗೆ ತೆಗೆದುಕೊಂಡ 15 ಮಾದರಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಎಂಸಿಪಿಜಿ ಲಿಚಿ ಬೀಜದಲ್ಲಿದೆ ಎಂಬುದು 1962ರಷ್ಟು ಹಿಂದೆಯೇ ಗೊತ್ತಿದ್ದ ಸಂಗತಿ. ಜಮೈಕಾದಲ್ಲಿ ಕಾಯಾಗಿರುವ ಆಕಿ ಹಣ್ಣು ತಿಂದವರ ಸಕ್ಕರೆ ಕುಸಿಯುವುದಕ್ಕೂ ಹೈಪೊಗ್ಲೈಸಿನ್ನೇ ಕಾರಣ.

ಪತ್ರಿಕೆಗಳು ಇಷ್ಟನ್ನು ಹಿಡಿದು ‘ಲಿಚಿ ಕೊಲ್ಲುತ್ತದೆ’ ಎಂದು ಬರೆದವು. ನನ್ನ ಗಮನ ಹೋಗುವುದು ಅದೇ ವರದಿಯ ಇನ್ನೊಂದು ಸಾಲಿನ ಕಡೆಗೆ. ಹಿಂದಿನ ಸಂಜೆ ಊಟ ಮಾಡದೆ ಮಲಗಿದ್ದ ಮಕ್ಕಳಲ್ಲಿ ಲಿಚಿ ತಿಂದದ್ದಕ್ಕೂ ಕಾಯಿಲೆಗೂ ಇರುವ ನಂಟಿನ ಆಡ್ಸ್ ಅನುಪಾತ (ಒಂದಕ್ಕಿಂತ ಹೆಚ್ಚಿದ್ದಷ್ಟೂ ನಂಟು ಬಲವಾದದ್ದು) 7.8, ಉಂಡು ಮಲಗಿದವರಲ್ಲಿ 3.6. ಹಣ್ಣು ಅದೇ, ತೋಟ ಅದೇ, ಅಪಾಯ ಮಾತ್ರ ಅರ್ಧಕ್ಕಿಂತ ಕಡಿಮೆ.

ಈ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಮೊದಲನೆಯದರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಅಂಕಿ ಇರಬಹುದಾದ ಹರವು, 3.3ರಿಂದ 18.8, ಎರಡನೆಯದರದು 1.1ರಿಂದ 11.1, ಎರಡೂ ಒಂದರ ಮೇಲೊಂದು ಬೀಳುತ್ತವೆ. ಹೋಲಿಸಿದ್ದು 104 ರೋಗಿಗಳನ್ನು 104 ಇತರ ರೋಗಿಗಳ ಜತೆ. ಮಗು ಸಾವು ಬದುಕಿನ ನಡುವೆ ಇರುವಾಗ, ನಿನ್ನೆ ರಾತ್ರಿ ಉಂಡಿತ್ತೇ ಎಂಬ ಪ್ರಶ್ನೆಗೆ ತಾಯಿ ಕೊಡುವ ಉತ್ತರದಲ್ಲಿ ನೆನಪಿನ ಏರುಪೇರು ಇಲ್ಲದಿರುವುದಿಲ್ಲ. 2012ರಲ್ಲಿ ಬಾಂಗ್ಲಾದೇಶದ ದಿನಾಜ್‌ಪುರದ ಲಿಚಿ ತೋಟಗಳ ಬಳಿ ನಡೆದ ಮಕ್ಕಳ ಸಾವಿಗೆ ಅಲ್ಲಿನ ತನಿಖೆ ತೋಟದ ರಾಸಾಯನಿಕಗಳತ್ತ ಬೆರಳು ಮಾಡಿತು ಎಂಬುದನ್ನೂ ಮರೆಯುವಂತಿಲ್ಲ. ಇಷ್ಟಿದ್ದರೂ ಊಟದ ವಾದವನ್ನು ನಾನು ಬಲವಾಗಿ ನಂಬುತ್ತೇನೆ. ಅಂಕಿಗಳು ತೋರಿಸುವ ದಿಕ್ಕಿಗೂ ದೇಹದೊಳಗಿನ ವ್ಯವಹಾರಕ್ಕೂ ಸರಿಹೊಂದುತ್ತದೆ ಎನ್ನುವುದೇ ಅದಕ್ಕೆ ಕಾರಣ.

ಪುಟ್ಟ ಮಗುವಿನ ದೇಹ, ತೂಕದ ಲೆಕ್ಕದಲ್ಲಿ, ದೊಡ್ಡವರ ಎರಡು ಪಟ್ಟು ವೇಗದಲ್ಲಿ ಗ್ಲೂಕೋಸ್ ಖರ್ಚು ಮಾಡುತ್ತದೆ. ಹೆಚ್ಚಿನ ಪಾಲು ಮಿದುಳಿಗೇ ಹೋಗುತ್ತದೆ. ನಿದ್ದೆಯ ಹೊತ್ತಿನಲ್ಲಿ ಈ ಖರ್ಚನ್ನು ತೂಗಿಸುವುದು ಯಕೃತ್ತಿನಲ್ಲಿರುವ ಗ್ಲೈಕೋಜೆನ್ ದಾಸ್ತಾನು. ಸಂಜೆ ಅನ್ನವೋ ರೊಟ್ಟಿಯೋ ಹೊಟ್ಟೆಗೆ ಬಿದ್ದಿದ್ದರೆ ಆ ದಾಸ್ತಾನು ಬೆಳಗಿನವರೆಗೆ ಬರುತ್ತದೆ. ಉಣ್ಣದೆ ಮಲಗಿದರೆ, ಅದರಲ್ಲೂ ಮೊದಲೇ ಸೊರಗಿದ ಮಗುವಾದರೆ, ನಸುಕಿನ ಹೊತ್ತಿಗೆ ಅದು ಬರಿದಾಗುತ್ತದೆ. ಆಗಲೂ ದೇಹಕ್ಕೆ ಬೇರೆ ದಾರಿಯಿದೆ: ಕೊಬ್ಬನ್ನು ಉರಿಸಿ ಕೀಟೋನ್‌ಗಳನ್ನು ಒದಗಿಸುತ್ತದೆ, ಆ ಶಕ್ತಿಯ ಬಲದಿಂದ ಹೊಸ ಗ್ಲೂಕೋಸನ್ನೂ ತಯಾರಿಸುತ್ತದೆ. ಹಸಿದು ಮಲಗಿದ ಅಸಂಖ್ಯ ಮಕ್ಕಳು ಪ್ರತಿ ಬೆಳಗ್ಗೆ ಏಳುವುದು ಇದರಿಂದಲೇ. ಲಿಚಿಯ ವಿಷ ಮುಚ್ಚುವುದು ಈ ದಾರಿಯನ್ನು. ಕೊಬ್ಬು ಉರಿಯುವುದು ನಿಂತರೆ ಕೀಟೋನೂ ಇಲ್ಲ, ಹೊಸ ಗ್ಲೂಕೋಸೂ ಇಲ್ಲ. ಪರೀಕ್ಷಿಸಿದ 80 ರಕ್ತದ ಮಾದರಿಗಳಲ್ಲಿ 72ರಲ್ಲಿ ಕೊಬ್ಬಿನ ಚಯಾಪಚಯ ಕೆಟ್ಟಿದ್ದ ಗುರುತು ಸಿಕ್ಕಿದ್ದು ಇದಕ್ಕೆ ತಾಳೆಯಾಗುತ್ತದೆ. ಚೆನ್ನಾಗಿ ಉಂಡು ಮಲಗಿದ ಮಗುವಿಗೆ ಆ ಎರಡನೆಯ ದಾರಿಯ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ಲಿಚಿ ಕೊಂಡು ಊಟದ ಬಳಿಕ ನಾಲ್ಕು ಹಣ್ಣು ಕೊಡುವ ಮನೆಯವರು ಹೆದರಬೇಕಿಲ್ಲ.

ಮುಜಫ್ಫರ್‌ಪುರದ ಮಗು ಉಣ್ಣದೆ ಮಲಗುವುದೇಕೆ? ದಿನವಿಡೀ ತೋಟದಲ್ಲಿ ಉದುರಿದ ಹಣ್ಣು ಆರಿಸಿ ತಿಂದು ಹೊಟ್ಟೆ ತುಂಬಿರುತ್ತದೆ. ಬಿಸಿಲಿಗೆ ಬಳಲಿ ಅಡುಗೆ ಆಗುವ ಮೊದಲೇ ನಿದ್ದೆ ಹೋಗಿರುತ್ತದೆ. ಕೆಲವು ಮನೆಗಳಲ್ಲಿ ಅಡುಗೆಗೆ ಬೇಕಾದದ್ದೇ ಇರುವುದಿಲ್ಲ. ತನಿಖೆಯವರು ಕೊಟ್ಟ ಸಲಹೆ ಚಿಕ್ಕದು: ಮಕ್ಕಳಿಗೆ ಲಿಚಿ ಕಡಿಮೆ ಮಾಡಿ, ರಾತ್ರಿ ಊಟ ತಪ್ಪಿಸಬೇಡಿ, ಕಾಯಿಲೆ ಬಿದ್ದವರ ಗ್ಲೂಕೋಸನ್ನು ಕೂಡಲೇ ಸರಿಪಡಿಸಿ. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಶೇ. 10ರ ಡೆಕ್ಸ್ಟ್ರೋಸನ್ನು ತಡಮಾಡದೆ ರಕ್ತನಾಳಕ್ಕೆ ಕೊಡಬೇಕೆಂದು ಒತ್ತಿ ಹೇಳಿದರು. ಎಚ್ಚರವಿರುವ ಮಗುವಿಗೆ ಸಕ್ಕರೆ ನೀರು ಕುಡಿಸಬಹುದು. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಸಲಹೆ ಇದ್ದೂ 2019ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು.

ಊಟ ತಪ್ಪಿಸಬೇಡಿ ಎಂದು ತಾಯಂದಿರಿಗೆ ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸರ್ಕಾರ ಮಕ್ಕಳಿಗೆ ಕೊಡುವ ಬಿಸಿಯೂಟ, ಅದು ಅಂಗನವಾಡಿಯದಾಗಲಿ ಶಾಲೆಯದಾಗಲಿ, ಹಗಲಿನದು. ಶಾಲೆಗಳಿಗಂತೂ ಬೇಸಿಗೆ ರಜೆ ಬೇರೆ. ಸಕ್ಕರೆ ಕುಸಿಯುವುದು ಬೆಳಗಿನ ಜಾವ. ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಶಾಲೆಯ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿದೆ; ಕರ್ನಾಟಕದ ಬರದ ತಾಲ್ಲೂಕುಗಳ ಮಕ್ಕಳು ಬೇಸಿಗೆಯಲ್ಲಿ ಹಾಗೆ ಉಂಡಿದ್ದಾರೆ. ಲಿಚಿ ಸೀಮೆಯ ಹಳ್ಳಿಗಳಲ್ಲಿ ಮೇ ನಡುವಿನಿಂದ ಮಳೆ ಹಿಡಿಯುವವರೆಗೆ ಅಂಥದೇ ಒಂದು ಊಟವನ್ನು ಅಂಗನವಾಡಿಯ ಮೂಲಕ, ಸೂರ್ಯ ಮುಳುಗುವ ಹೊತ್ತಿಗೆ, ಬಡಿಸುವುದಕ್ಕೆ ಹೊಸ ಸಂಶೋಧನೆ ಯಾವುದೂ ಬೇಕಿಲ್ಲ.