ಟೆಂಪೊ, ಮೆಟಡೋರ್, ಓಮ್ನಿ: ಕರಾವಳಿ ರಸ್ತೆಯ ಹಳೆ ವ್ಯಾನುಗಳು ಮತ್ತು ಅವುಗಳ ಬಳಿಗೇ ಹೋದ ಮೆಕ್ಯಾನಿಕರು

ಬ್ಯಾರಿಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹಡಗಿನಿಂದ ಶುರು ಮಾಡುತ್ತಾರೆ. ಅರಬ್ ವ್ಯಾಪಾರ, ಕರಿಮೆಣಸು, ಅಕ್ಕಿ, ಮರದ ಮಿಲ್ಲು, ಬೀಡಿ, ಕೊನೆಗೆ ಗಲ್ಫ್. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಂದರಿಗೂ ಮನೆಗೂ ನಡುವೆ ಒಂದು ರಸ್ತೆ ಇತ್ತು. ಆ ರಸ್ತೆಯಲ್ಲಿ ಮೀನು, ಬೀಡಿ ಎಲೆ, ತೆಂಗಿನಕಾಯಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಲಟಾರಿ ವ್ಯಾನುಗಳು. ಅವುಗಳ ಬಗ್ಗೆ ನಮ್ಮಲ್ಲಿ ಬರೆದಿಟ್ಟದ್ದು ತೀರಾ ಕಡಿಮೆ. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಗೋವಾದ ಝುವಾರಿನಗರದಲ್ಲಿ ಇದ್ದೇನೆ. ಕೆಲಸ, ಹಳೆ ವ್ಯಾನುಗಳ ರಿಪೇರಿ. ನನಗೆ ಗ್ಯಾರೇಜು ಇಲ್ಲ. ಒಂದು ಓಮ್ನಿಯ ಹಿಂದಿನ ಸೀಟು ತೆಗೆದು ಅದರಲ್ಲಿ ಜಾಕಿ, ಸ್ಪಾನರ್ ಪೆಟ್ಟಿಗೆ, ಬ್ಯಾಟರಿ, ಗ್ಯಾಸ್ ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡು ವ್ಯಾನು ನಿಂತಲ್ಲಿಗೇ ಹೋಗುತ್ತೇನೆ. ಉತ್ತರಕ್ಕೆ ಹರ್ಮಲದವರೆಗೆ, ದಕ್ಷಿಣಕ್ಕೆ ಕಾರವಾರ, ಅಂಕೋಲದವರೆಗೆ. ಊರಿಗೆ ಹೋದಾಗಲೆಲ್ಲ ನೆಂಟರು ಕೇಳುವುದು ಒಂದೇ ಪ್ರಶ್ನೆ: “ಇಷ್ಟು ವರ್ಷ ಆಯ್ತು, ಒಂದು ಅಂಗಡಿ ಹಾಕಬಾರದಾ?” ಅದಕ್ಕೆ ಉತ್ತರ ಈ ರಸ್ತೆಯ ಇತಿಹಾಸದಲ್ಲಿದೆ.

ಮೊದಲು ಝುವಾರಿನಗರದ ಬಗ್ಗೆ ಎರಡು ಮಾತು. ಇದು ಮುರಗಾಂವ್ ತಾಲೂಕಿನಲ್ಲಿ, ವಾಸ್ಕೊ ಪಟ್ಟಣಕ್ಕೂ ದಾಬೋಳಿ ವಿಮಾನ ನಿಲ್ದಾಣಕ್ಕೂ ಹತ್ತಿರ ಇರುವ ಗುಡ್ಡದ ಊರು. ಬಿರ್ಲಾ ಗುಂಪಿನ ಝುವಾರಿ ಗೊಬ್ಬರ ಕಾರ್ಖಾನೆ 1970ರ ದಶಕದಲ್ಲಿ ಇಲ್ಲಿ ಉತ್ಪಾದನೆ ಶುರು ಮಾಡಿತು. ಬಸ್ಸಿನವರು ಈಗಲೂ ಈ ಸ್ಟಾಪನ್ನು “ಬಿರ್ಲಾ” ಅಂತಲೇ ಕೂಗುತ್ತಾರೆ. ಕಾರ್ಖಾನೆ, ಬಂದರು, ಕಟ್ಟಡ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕನ್ನಡಿಗರು ಬಂದು ನೆಲೆಸಿದರು. ಇಲ್ಲಿನ ಓಣಿಗಳಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚು ಕಿವಿಗೆ ಬೀಳುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಸಿಂದಗಿ ಕಡೆಯವನು. ಅವನು “ಸಾಹೇಬ್ರ, ಗಾಡಿ ಹೊಗಿ ಭಾಳ ಉಗುಳಾಕತ್ತೈತ್ರಿ” ಅಂದರೆ, ನಾನು “ಹೌದು ಮಾರಾಯ, ನಾಜಲ್ ಬಿಚ್ಚಿ ನೋಡುವ” ಅನ್ನುತ್ತೇನೆ. ಎರಡು ಕನ್ನಡ, ಒಂದೇ ಎಂಜಿನ್.

ನನಗಿಂತ ಮೊದಲು ಇಲ್ಲಿಗೆ ಬಂದವರು ನನ್ನ ಸೋದರಮಾವ. ಮಂಗಳೂರಿನ ಬಂದರ್ ಕಡೆಯ ಗ್ಯಾರೇಜಿನಲ್ಲಿ ಕೆಲಸ ಕಲಿತು 1970ರ ದಶಕದ ಕೊನೆಗೆ ಗೋವಾ ಸೇರಿದರು. ಆಗಿನ ಕರಾವಳಿ ರಸ್ತೆ ಇವತ್ತಿನ ರಾಷ್ಟ್ರೀಯ ಹೆದ್ದಾರಿ 66ರಂತೆ ಇರಲಿಲ್ಲ. ಮಂಗಳೂರಿನಿಂದ ಗೋವಾಕ್ಕೆ ಸುಮಾರು 350 ಕಿಲೋಮೀಟರ್. ಆ ದಾರಿಗೆ ಅಡ್ಡಲಾಗಿ ಹೊಳೆಯ ಮೇಲೆ ಹೊಳೆ. ಕೊರ್ತಾಲಿಂ ಮತ್ತು ಅಗಸಾಯಿಂ ನಡುವೆ ಝುವಾರಿ ನದಿಯನ್ನು ಫೆರಿಯಲ್ಲೇ ದಾಟಬೇಕಿತ್ತು. ಅಲ್ಲಿ ಸೇತುವೆ ಆದದ್ದು 1983ರಲ್ಲಿ. ಕಾರವಾರದ ಕಾಳಿ ನದಿಯ ಸೇತುವೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. 1986ರ ಜುಲೈ 5ರಂದು ಪಣಜಿಯ ಮಾಂಡೋವಿ ಸೇತುವೆ ಕುಸಿದಾಗ ಜನ ಮತ್ತೆ ಫೆರಿಗೆ ಸಾಲು ನಿಂತರು.

ಈ ಫೆರಿ ಸಾಲುಗಳೇ ಮಾವನ ಗ್ಯಾರೇಜು. ಮಳೆಗಾಲದಲ್ಲಿ ತಾಸುಗಟ್ಟಲೆ ನಿಂತ ವ್ಯಾನು ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುವರು, ಮುಂದೆ ನೀರು, ತಳ್ಳಲು ಜಾಗ ಇಲ್ಲ. ಮಾವ ಸೈಕಲಿಗೆ ಚೀಲ ಕಟ್ಟಿಕೊಂಡು ಸಾಲಿನ ಉದ್ದಕ್ಕೂ ಹೋಗುತ್ತಿದ್ದರು. ಪಾಯಿಂಟ್ ಉಜ್ಜುವುದು, ಪ್ಲಗ್ ಒರೆಸುವುದು, ಡೀಸೆಲ್ ಪೈಪಿನ ಗಾಳಿ ತೆಗೆಯುವುದು. ಫೆರಿ ದಡ ಮುಟ್ಟುವ ಮೊದಲು ಕೆಲಸ ಮುಗಿಯಬೇಕು. ಕೆಟ್ಟ ಗಾಡಿ ಮೆಕ್ಯಾನಿಕನ ಹತ್ತಿರ ಬರಲಾರದು, ಮೆಕ್ಯಾನಿಕನೇ ಹೋಗಬೇಕು. ನಮ್ಮ ಕಸುಬು ಹುಟ್ಟಿದ್ದು ಈ ಸರಳ ಲೆಕ್ಕದಿಂದ.

ಎರಡನೆಯ ಕಾರಣ ಗೋವಾದ ರಾಜಕೀಯ ಇತಿಹಾಸಕ್ಕೆ ಸೇರಿದ್ದು. 1961ರ ಡಿಸೆಂಬರ್ 19ರವರೆಗೆ ಇದು ಪೋರ್ಚುಗೀಸರ ಕೈಯಲ್ಲಿತ್ತು. 1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹಾಕಿತು. ಗಡಿಯ ಆಚೆಯಿಂದ ಸರಕು ನಿಂತಿತು, ಆದರೆ ಸಮುದ್ರದ ಬಾಗಿಲು ತೆರೆದೇ ಇತ್ತು. ಕಬ್ಬಿಣದ ಅದಿರಿನ ದುಡ್ಡು ಬರುತ್ತಿದ್ದ ಕಾಲ ಅದು. ಯುರೋಪಿನ ಕಾರು, ವ್ಯಾನು, ಲಾರಿಗಳು ಮುರಗಾಂವ್ ಬಂದರಿನಲ್ಲಿ ಇಳಿದವು. ಆಗ ಭಾರತದ ಊರುಗಳಲ್ಲಿ ಅಪರೂಪವಾಗಿದ್ದ ಜರ್ಮನ್ ಗಾಡಿಗಳು ಗೋವಾದಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದವು. ಗೋವಾ ಭಾರತಕ್ಕೆ ಸೇರಿದ ಮೇಲೆ ಆಮದಿನ ಮೇಲೆ ಕಟ್ಟುನಿಟ್ಟು ಬಂತು. ಗಾಡಿ ಉಳಿಯಿತು, ಬಿಡಿಭಾಗ ನಿಂತಿತು. ಅಲ್ಲಿಂದ ಮುಂದೆ ಇಲ್ಲಿನ ಮೆಕ್ಯಾನಿಕ್ ಅಂದರೆ ಬದಲಾಯಿಸುವವನು ಅಲ್ಲ, ಮಾಡಿಕೊಡುವವನು. ಬುಷ್ ಸವೆದರೆ ಲೇತಿನಲ್ಲಿ ಹಿತ್ತಾಳೆಯದ್ದು ಕಡೆಯುವುದು, ಪ್ಯಾಕಿಂಗ್ ಹೋದರೆ ಹಾಳೆ ಕತ್ತರಿಸುವುದು, ಒಂದು ಕಂಪನಿಯ ಬೇರಿಂಗನ್ನು ಇನ್ನೊಂದಕ್ಕೆ ಹೊಂದಿಸುವುದು. ಗ್ಯಾರೇಜಿನ ಹುಡುಗರು ಈ ವಿದ್ಯೆಯನ್ನು ನೋಡಿ ಕಲಿತರು, ಪುಸ್ತಕದಿಂದಲ್ಲ.

ಮೂರನೆಯದಾಗಿ ಬಂದದ್ದು ಹಿಪ್ಪಿಗಳ ವ್ಯಾನು. 1960ರ ದಶಕದ ಕೊನೆಯಿಂದ ಇಸ್ತಾಂಬುಲ್, ತೆಹ್ರಾನ್, ಕಾಬೂಲ್, ಲಾಹೋರ್ ದಾರಿಯಾಗಿ ಯುರೋಪಿನ ಯುವಕರು ರಸ್ತೆಯಲ್ಲೇ ಭಾರತಕ್ಕೆ ಬರುತ್ತಿದ್ದರು. ಅನೇಕರ ಕೊನೆಯ ನಿಲ್ದಾಣ ಕಲಂಗುಟ್ ಮತ್ತು ಅಂಜುಣೆಯ ಕಡಲ ತೀರ. ಅವರು ತಂದ ಗಾಡಿಗಳಲ್ಲಿ ಹೆಸರಾದದ್ದು ಫೋಕ್ಸ್‌ವ್ಯಾಗನ್ ವ್ಯಾನು. 1950ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ವ್ಯಾನಿನ ಹಳೆ ಮಾದರಿ ಬ್ರೆಜಿಲ್‌ನಲ್ಲಿ 2013ರವರೆಗೂ ತಯಾರಾಗುತ್ತಿತ್ತು. ಹಾಗಾಗಿ ಬಿಡಿಭಾಗಗಳು ಜಗತ್ತಿನಲ್ಲಿ ಇನ್ನೂ ಸಿಗುತ್ತವೆ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಕಾರ್ನೆಟ್ ಎಂಬ ಕಾಗದದ ಮೇಲೆ ಬಂದ ಗಾಡಿಯನ್ನು ಅವಧಿಯೊಳಗೆ ದೇಶದಿಂದ ಹೊರಗೆ ಒಯ್ಯಲೇಬೇಕು ಎಂಬುದು ನಿಯಮ. ಆದ್ದರಿಂದ ಅಂಥ ಗಾಡಿ ಕೆಟ್ಟರೆ ಮಾಲೀಕನಿಗೆ ದಿನ ಎಣಿಸುವ ಅವಸರ. ಸೈಕಲ್ ಚೀಲದ ಮೆಕ್ಯಾನಿಕನನ್ನು ಸಮುದ್ರದ ದಡಕ್ಕೆ ಕರೆಸಿಕೊಂಡದ್ದು ಆ ಅವಸರ.

ಈ ವ್ಯಾನಿನ ಎಂಜಿನ್ ಹಿಂಬದಿಯಲ್ಲಿದೆ. ಹಳೆ ಮಾದರಿಗಳಿಗೆ ರೇಡಿಯೇಟರ್ ಇಲ್ಲ, ತಂಪು ಮಾಡುವುದು ಗಾಳಿ. ಜರ್ಮನಿಯ ಚಳಿಗೆ ಹೊಂದಿದ ಈ ಎಂಜಿನ್ ಗೋವಾದ ಏಪ್ರಿಲ್‌ನಲ್ಲಿ ಒದ್ದಾಡುತ್ತದೆ. ಹಳೆಯವುಗಳಲ್ಲಿ ಮೂರನೆಯ ಸಿಲಿಂಡರಿಗೆ ಗಾಳಿ ಕಡಿಮೆ ಸಿಗುವುದರಿಂದ ಅಲ್ಲಿನ ವಾಲ್ವ್ ಮೊದಲು ಸುಡುತ್ತದೆ. ವಾಲ್ವಿನ ಗ್ಯಾಪ್ ನೋಡುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಾಮಾನ್ಯವಾಗಿ 0.15 ಮಿಲಿಮೀಟರ್. ಅದಕ್ಕೇ ನಾನು ಅಂಥ ಗಾಡಿಯ ಹತ್ತಿರ ಹೋಗುವುದು ಬೆಳಿಗ್ಗೆ ಆರೂವರೆಗೆ. ಇನ್ನೊಂದು ನಿಯಮ ಮಾವನದ್ದು: ಮೊದಲು ಪೆಟ್ರೋಲ್ ಪೈಪು ಬದಲಾಯಿಸು, ಉಳಿದದ್ದು ಆಮೇಲೆ. ಒಣಗಿ ಸೀಳಿದ ರಬ್ಬರ್ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ವ್ಯಾನು ನಿಂತಲ್ಲೇ ಉರಿದುಹೋಗುತ್ತದೆ.

ಆದರೆ ನಮ್ಮ ಮನೆಗಳ ವ್ಯಾನು ಇದಲ್ಲ. ನಮ್ಮದು ಟೆಂಪೊ. ಸಣ್ಣ ಸರಕು ಗಾಡಿಗೆಲ್ಲ ನಾವು ಟೆಂಪೊ ಅನ್ನುತ್ತೇವಲ್ಲ, ಅದು ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯ ಬ್ರಾಂಡ್ ಹೆಸರು. ಆ ಕಂಪನಿಯ ಸಹಯೋಗದಲ್ಲಿ 1958ರಲ್ಲಿ ಬಜಾಜ್ ಟೆಂಪೊ ಶುರುವಾಯಿತು. ಮೊದಲು ಮೂರು ಚಕ್ರದ ಗಾಡಿ, ನಂತರ ನಾಲ್ಕು ಚಕ್ರದ್ದು, ಆಮೇಲೆ ಮೆಟಡೋರ್. 1987ರಲ್ಲಿ ಟ್ರಾವೆಲರ್ ಬಂತು. 2005ರಲ್ಲಿ ಕಂಪನಿಯ ಹೆಸರೇ ಫೋರ್ಸ್ ಮೋಟರ್ಸ್ ಎಂದಾಯಿತು. ಕಂಪನಿ ಹೆಸರು ಬಿಟ್ಟರೂ ನಮ್ಮ ಬಾಯಿ ಟೆಂಪೊ ಬಿಡಲಿಲ್ಲ.

ಹಿರಿಯರಿಗೆ ನೆನಪಿರಬಹುದು. ಬೀಡಿ ಬ್ರಾಂಚಿಗೆ ಎಲೆ, ಹೊಗೆಸೊಪ್ಪು ತಂದು, ಉಮ್ಮಂದಿರು ಕಟ್ಟಿದ ಬೀಡಿಯನ್ನು ಒಯ್ಯುತ್ತಿದ್ದದ್ದು ಇಂಥದೇ ವ್ಯಾನು. ಮಲ್ಪೆ, ಮಂಗಳೂರಿನಿಂದ ಐಸ್ ಹಾಕಿದ ಮೀನು ಹೋಗುತ್ತಿದ್ದದ್ದು ಇದರಲ್ಲಿ. ನಿಕಾಹಿನ ದಿನ ಅದೇ ವ್ಯಾನನ್ನು ತೊಳೆದು, ಅತ್ತರು ಚಿಮುಕಿಸಿ, ಪುದಿಯಾಪ್ಲೆಯ ಕಡೆಯವರನ್ನು ತುಂಬಿಕೊಂಡು ಹೋಗುತ್ತಿದ್ದರು. ಮೀನಿನ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ, ಯಾರೂ ಅದನ್ನು ಎತ್ತಿ ಆಡುತ್ತಿರಲಿಲ್ಲ. 1984ರಲ್ಲಿ ಮಾರುತಿ ವ್ಯಾನು, ಅಂದರೆ ಮುಂದೆ ಓಮ್ನಿ ಎಂದು ಹೆಸರಾದದ್ದು, ಬಂದ ಮೇಲೆ ಬಾಣಂತಿಯನ್ನು ಕರೆತರುವುದಕ್ಕೂ ಬಜ್ಪೆಗೆ ಬಿಡುವುದಕ್ಕೂ ಅದೇ ಆಯಿತು. 796 ಸಿಸಿಯ ಮೂರು ಸಿಲಿಂಡರಿನ ಆ ಎಂಜಿನ್ ಎಷ್ಟು ಮನೆಗಳ ಅನ್ನ ದುಡಿಯಿತೋ! 2019ರಲ್ಲಿ ಅದರ ತಯಾರಿಕೆಯೂ ನಿಂತಿತು.

ಈಗ ನನ್ನ ಕೆಲಸ ಹೇಗೆ ನಡೆಯುತ್ತದೆ ಅಂದರೆ, ಮೊದಲು ಫೋನ್ ಬರುತ್ತದೆ. ಫೋನನ್ನು ಎಂಜಿನ್ ಹತ್ತಿರ ಹಿಡಿದು ಸ್ಟಾರ್ಟ್ ಮಾಡಲು ಹೇಳುತ್ತೇನೆ. ಟ್ಯಾಪೆಟ್ ಸದ್ದು, ಬೇರಿಂಗ್ ಸದ್ದು, ಡೀಸೆಲ್ಲಿನ ಬಡಿತ ಕಿವಿಗೆ ಬೇರೆಬೇರೆ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಸಾಮಾನು ತುಂಬಿಕೊಂಡು ಹೊರಡುವುದು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬಯಿಯ ಕುರ್ಲಾ, ಇಲ್ಲವೇ ಲೇತು. ಹೋಗಿ ನೋಡಿ ಎಷ್ಟಾಗುತ್ತದೆ ಎಂದು ಮೊದಲೇ ಹೇಳುತ್ತೇನೆ. ತೆಗೆದ ಹಳೆ ಭಾಗವನ್ನು ಮಾಲೀಕನ ಕೈಗೇ ಕೊಡುತ್ತೇನೆ. ಬೇರೆಯವರ ಗಾಡಿ ನಮ್ಮ ಕೈಯಲ್ಲಿ ಅಮಾನತ್ತು ಅನ್ನುವುದು ಮಾವ ಬಿಟ್ಟುಹೋದ ಪಾಠ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ವಾಣಿಜ್ಯಕ್ಕೆ ಬಳಸುವಂತಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ. ಇನ್ನೊಂದು ಕಡೆ, 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆ ವಾಣಿಜ್ಯ ವಾಹನಗಳ ಫಿಟ್‌ನೆಸ್ ಶುಲ್ಕವೂ ಏರಿತು.

ಮಡಗಾಂವ್ ಹತ್ತಿರ ನೆಲೆಸಿದ ನಮ್ಮವರ ಒಂದು ಕುಟುಂಬ ನನ್ನನ್ನು ಕರೆಸಿತ್ತು. ಅಜ್ಜ 1980ರ ದಶಕದ ಆರಂಭದಲ್ಲಿ ಮೀನಿನ ವ್ಯಾಪಾರಕ್ಕೆ ಕೊಂಡ ಮೆಟಡೋರ್ ಅಂಗಳದಲ್ಲಿತ್ತು. ಕಾಲೇಜು ಓದುವ ಮೊಮ್ಮಗನಿಗೆ ಅದನ್ನು ವಿಂಟೇಜ್ ಮಾಡಿಸುವ ಆಸೆ. ನಾನು ನಿಯಮ ಹೇಳಿದೆ. 50 ವರ್ಷ ಆಗಿಲ್ಲ, ಎಂಜಿನ್ ಎರಡು ಸಲ ಬದಲಾಗಿದೆ, ಬಾಡಿ ಅರ್ಧ ಹೊಸ ತಗಡು. ಹುಡುಗ ಕೇಳಿದ: “ಕಾಕಾ, ರಿಪೇರಿ ಮಾಡದೆ ಯಾವ ದುಡಿಯುವ ಗಾಡಿ 50 ವರ್ಷ ಓಡ್ತದೆ?”

ಅವನು ಹೇಳಿದ್ದು ಸರಿ. ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಕಾರು ಮೂಲ ರೂಪದಲ್ಲಿ ಉಳಿಯುತ್ತದೆ. ದಿನಾ ಮೀನು ಹೊತ್ತ ವ್ಯಾನು ಉಳಿಯುವುದು ರಿಪೇರಿಯಿಂದ. ಆ ರಿಪೇರಿಯೇ ಅದರ ಅರ್ಹತೆಗೆ ಅಡ್ಡಿಯಾಗುತ್ತದೆ. ಹೀಗಾಗಿ ಶ್ರೀಮಂತರ ವಾಹನ ಇತಿಹಾಸವಾಗಿಯೂ ದುಡಿದವರ ವಾಹನ ಗುಜರಿಯಾಗಿಯೂ ಲೆಕ್ಕಕ್ಕೆ ಸಿಗುತ್ತದೆ.

ಹಾಗಂತ ಎಲ್ಲ ಹಳೆ ವ್ಯಾನೂ ರಸ್ತೆಯಲ್ಲಿರಲಿ ಎಂದು ನಾನು ಹೇಳುವುದಿಲ್ಲ. ಆ ಮೆಟಡೋರಿನ ಕೆಳಗೆ ಮಲಗಿ ಚಾಸಿಯನ್ನು ಒತ್ತಿದರೆ ಹೆಬ್ಬೆರಳು ಒಳಗೆ ಹೋಯಿತು. ಐಸಿನ ಉಪ್ಪುನೀರು ವರ್ಷಗಟ್ಟಲೆ ತಿಂದ ಕಬ್ಬಿಣ. ಎಂಜಿನ್ ಸ್ಟಾರ್ಟ್ ಮಾಡಿಕೊಡುತ್ತೇನೆ, ರಸ್ತೆಗೆ ಇಳಿಸಿಕೊಡುವುದಿಲ್ಲ ಅಂದೆ. ಅದರಲ್ಲಿ ಮಕ್ಕಳನ್ನು ಕೂರಿಸುವವರಿಗೆ ನಾನು ಬೇರೆ ಉತ್ತರ ಕೊಡಲಾರೆ. ಅವರು ಬೇಜಾರು ಮಾಡಿಕೊಂಡರೂ ಒಪ್ಪಿದರು.

ಆ ದಿನ ಕಾಗದ ಹುಡುಕುವಾಗ ಹಳೆ ಆರ್.ಸಿ. ಪುಸ್ತಕ ಸಿಕ್ಕಿತು. ಮಾಲೀಕರ ಹೆಸರಿನಲ್ಲಿ ಅಜ್ಜನ ಹೆಸರಿರಲಿಲ್ಲ, ಅಜ್ಜಿಯ ಹೆಸರಿತ್ತು. ಮನೆಯ ಹಿರಿ ಮಗಳಿಗೆ ಮಾತ್ರ ಸಂಗತಿ ಗೊತ್ತಿತ್ತು. ಮುಂಗಡ ಕಟ್ಟಿದ್ದು ಅಜ್ಜಿಯ ಬಳೆ ಮಾರಿದ ದುಡ್ಡು, ಊರಲ್ಲಿ ಬೀಡಿ ಕಟ್ಟಿ ಕೂಡಿಸಿ ಮಾಡಿಸಿಕೊಂಡ ಬಳೆ. ನಲವತ್ತು ವರ್ಷ “ಅಜ್ಜನ ವ್ಯಾನು” ಎಂದು ಕರೆಯುತ್ತಿದ್ದದ್ದು ಅಜ್ಜಿಯ ವ್ಯಾನಾಗಿತ್ತು. ಅದನ್ನು ಗುಜರಿಗೆ ಹಾಕಿದ್ದರೆ ಪುಸ್ತಕವೂ ಜೊತೆಗೇ ಹೋಗುತ್ತಿತ್ತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಒಂದು ಕಾಲಕ್ಕೆ ವ್ಯಾನು ಇದ್ದರೆ, ಗಾಡಿ ಹೋಗಿದ್ದರೂ ಪರವಾಗಿಲ್ಲ, ಕಪಾಟಿನಲ್ಲಿ ಆರ್.ಸಿ., ಪರ್ಮಿಟ್, ಸಾಲದ ರಸೀದಿ ಹುಡುಕಿ. ಹಿರಿಯರನ್ನು ಕೇಳಿ: ಯಾರ ಹೆಸರಲ್ಲಿತ್ತು, ದುಡ್ಡು ಎಲ್ಲಿಂದ ಬಂತು, ಏನು ಹೇರುತ್ತಿದ್ದರು, ಎಲ್ಲಿ ಕೆಟ್ಟು ನಿಂತಿತ್ತು, ಯಾರು ಬಂದು ಸರಿ ಮಾಡಿದರು. ಬ್ಯಾರಿಯಲ್ಲಾಗಲಿ ಕನ್ನಡದಲ್ಲಾಗಲಿ ನಾಲ್ಕು ಸಾಲು ಬರೆದಿಡಿ. ಹೇಳಬಲ್ಲ ಡ್ರೈವರುಗಳೂ ಕ್ಲೀನರುಗಳೂ ಈಗ ಎಪ್ಪತ್ತು ದಾಟಿದ್ದಾರೆ. ಈ ನೋಂಬಿಗೆ ಊರಿಗೆ ಹೋದಾಗ ಮೊದಲು ಅವರ ಮನೆಗೆ ಹೋಗಿ.