ಉರಿ

ಗುಂಟೂರು ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಹೆಂಗಸರ ಕೈ ಮುಟ್ಟಿ ನೋಡಿ, ಬಿಸಿ ಇರುವುದಿಲ್ಲ. ಆದರೂ ಸಂಜೆಯಿಡೀ ‘ಕೈ ಉರಿ, ಕೈ ಉರಿ’ ಎನ್ನುತ್ತ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ, ಮಜ್ಜಿಗೆಯಲ್ಲಿ ಬೆರಳು ಅದ್ದುತ್ತಾರೆ. ಒಲೆಯ ಹತ್ತಿರವೂ ಸುಳಿಯದ ಕೈಗೆ ಬೆಂಕಿಯ ಮಾತು ಯಾಕೆ ಬಂತು? ಇದಕ್ಕೆ ಉತ್ತರ ಸಿಕ್ಕಿದ್ದು 1997ರಲ್ಲಿ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ನರದ ತುದಿಯಲ್ಲಿ ಒಂದು ಗ್ರಾಹಕವನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಎಚ್ಚರಾಗುವ ಅದು ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಎಚ್ಚರಾಗುತ್ತದೆ. ಎರಡರ ಸುದ್ದಿಯೂ ಒಂದೇ ದಾರಿಯಲ್ಲಿ ಮಿದುಳು ಸೇರುತ್ತದೆ. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಮ್ಮ ಹೆಂಗಸರ ಬಾಯಲ್ಲಿ ಆ ಮಾತು ತಲೆಮಾರುಗಳಿಂದ ಇತ್ತು.

ವಿವರಣೆ ಇಷ್ಟು ಚೆಂದವಾಗಿ ಕೂಡಿಬರುವುದು ಅಪರೂಪ. ಅದರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಉರಿ ಕೈಯಲ್ಲೇ ನಿಲ್ಲುವುದಿಲ್ಲ. ಕಣ್ಣುರಿ, ಎದೆಯುರಿ, ಉರಿಮೂತ್ರ, ಉರಿಬಿಸಿಲು. ವೈದ್ಯರ ಕನ್ನಡದಲ್ಲಿ ಉರಿಯೂತ. ಸಕ್ಕರೆ ಕಾಯಿಲೆಯಲ್ಲಿ ನರ ಕೆಟ್ಟವರಿಗೆ ಅಂಗಾಲುರಿ. ಪಾದ ಮುಟ್ಟಿದರೆ ತಣ್ಣಗಿರುತ್ತದೆ, ರಾತ್ರಿ ಮಾತ್ರ ಹೊದಿಕೆ ತಾಗಿದರೂ ತಡೆಯುವುದಿಲ್ಲ. ‘ಕೆಂಡ ತುಳಿದಂಗಾಗ್ತದೆ ಡಾಕ್ಟ್ರೇ’ ಎನ್ನುವ ಅಜ್ಜಿಯನ್ನು ‘ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವಮ್ಮಾ?’ ಎಂದು ಕೇಳಿದರೆ ಆಕೆ ಯಾವ ಅಂಕಿ ಹೇಳಬೇಕು? ಏಳು ಎಂದರೂ ಆ ಏಳರಲ್ಲಿ ಕೆಂಡವಿಲ್ಲ. ಚುಚ್ಚುವುದು, ಸೆಳೆಯುವುದು, ಜೋಮು ಹಿಡಿಯುವುದು, ಎಲ್ಲಕ್ಕೂ ಅದೇ ಏಳು.

ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಇದನ್ನು ಅರಿತಿದ್ದರು. ನೋವಿನ 78 ಮಾತುಗಳನ್ನು 20 ಗುಂಪು ಮಾಡಿ 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇರಿಯುವುದು, ಕೊರೆಯುವುದು, ಸುಡುವುದು ಎಂದು ಅದರ ತುಂಬ ರೂಪಕಗಳೇ. ಅದಕ್ಕೂ ಹತ್ತು ವರ್ಷ ಮೊದಲು ಪ್ಯಾಟ್ರಿಕ್ ವಾಲ್ ಜೊತೆಗೂಡಿ, ಬೆನ್ನುಹುರಿಯಲ್ಲಿ ನೋವಿಗೊಂದು ‘ಗೇಟು’ ಇದೆ ಎಂಬ ಸಿದ್ಧಾಂತ ಮಂಡಿಸಿದ್ದರು. ಪೆಟ್ಟಾದ ಜಾಗವನ್ನು ನೀವಿದರೆ ಹಗುರಾಗುವುದು ಯಾಕೆಂದು ಅದು ತಿಳಿಸಿತು. ಬೆನ್ನುಹುರಿಯನ್ನು ಬಿಡಿಸಿ ನೋಡಿದರೆ ಕದವೂ ಇಲ್ಲ, ಅಗುಳಿಯೂ ಇಲ್ಲ. ಆದರೂ ಆ ಗೇಟನ್ನು ಊಹಿಸಿಕೊಳ್ಳದೆ ಆ ವಿಜ್ಞಾನ ಮುಂದಕ್ಕೆ ಹೋಗುತ್ತಿರಲಿಲ್ಲ.

ಹೊಟ್ಟೆಯ ಉರಿ ಇನ್ನೂ ಆಳದ್ದು. ‘ಅವನಿಗೆ ಹೊಟ್ಟೆಯುರಿ’ ಎಂದರೆ ಮತ್ಸರ. ‘ನೋಡಿದರೆ ಹೊಟ್ಟೆ ಉರಿಯುತ್ತದೆ’ ಎಂದರೆ ಬಹುಮಟ್ಟಿಗೆ ಸಂಕಟ, ಅನ್ಯಾಯ ಕಂಡವರ ಸಂಕಟ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಆ ದಿನದ ದರ, ಆವಕದ ಲೆಕ್ಕ ಹಿಡಿದು ಕುಸಿತಕ್ಕೆ ಕಾರಣ ಹೇಳಿ ಮುಗಿಸಿದರೆ, ಚೀಲದ ಪಕ್ಕ ಕೂತು ‘ಹೊಟ್ಟಿ ಉರೀತೈತ್ರೀ’ ಎನ್ನುವ ರೈತನ ಮಾತು ಲೆಕ್ಕಕ್ಕೇ ಬರುವುದಿಲ್ಲ. ತೀರದ ಸಾಲ, ವ್ಯರ್ಥವಾದ ಬೆವರು, ಕೇಳುವವರಿಲ್ಲದ ಅವಮಾನ, ಮನೆಯಲ್ಲಿ ಏನೆಂದು ಹೇಳಲಿ ಎಂಬ ದಿಗಿಲು ಎಂದು ನಾವು ಬಿಡಿಸಿ ಬರೆಯುತ್ತೇವೆ. ಅವನಿಗೆ ಇವು ನಾಲ್ಕಾಗಿ ಬಂದಿಲ್ಲ. ಕ್ವಿಂಟಲಿಗೆ ಎಷ್ಟು ಲುಕ್ಸಾನಾಯಿತು ಎಂದು ಅಧಿಕಾರಿ ಕೇಳಲೇಬೇಕು. ಕೇಳಿ ಬರೆದುಕೊಂಡ ಮೇಲೆ ಪುಸ್ತಕ ಮುಚ್ಚದೆ, ಹೊಟ್ಟೆಯುರಿಯ ಆ ಎರಡು ಮಾತನ್ನೂ ಅವನು ಹೇಳಿದ ಹಾಗೆಯೇ ಬರೆದುಕೊಳ್ಳಲಿ.